ಅತ್ತೆಯ ಹುಬ್ಬುಗಂಟು

ರಾಬರ್ಟ್‌ಸನ್‌ಪೇಟೆಯ ನನ್ನ ಅಂಗಡಿಯಲ್ಲಿ ಹೆದರಿಕೆಗೆ ಬರವಿಲ್ಲ. ಬದುಕಿರುವವರಿಗೆ ಮೊಬೈಲ್ ಫೋಟೋ ಸಾಕು, ನನ್ನ ಹತ್ತಿರ ಬಣ್ಣದಲ್ಲಿ ಚಿತ್ರ ಬರೆಸುವುದು ತೀರಿಹೋದವರದ್ದೇ. ಸತ್ತವರು ತಂಟೆ ಮಾಡುವುದಿಲ್ಲ ಎಂದು ನಂಬಿ ಈ ಕಸುಬಿಗಿಳಿದ ಬೆಪ್ಪ ನಾನು.

೧. ಏನೂ ಬಿಡಬೇಡ

ಬಂಗಾರಪೇಟೆಯ ಯಜಮಾನರೊಬ್ಬರು ಹೆಂಡತಿಯ ವರ್ಷದ ತಿಥಿಗೆ ದೊಡ್ಡ ಚಿತ್ರ ಬೇಕೆಂದು ಬಂದರು.

"ಹುಬ್ಬುಗಂಟು, ಮಚ್ಚೆ, ಸೊಂಟದ ಬೀಗದ ಕೈ ಗೊಂಚಲು, ಏನೂ ಬಿಡ್ಬೇಡಪ್ಪಾ. ಬಿಟ್ರೆ ಅವ್ಳು ಸುಮ್ನಿರಲ್ಲ" ಎಂದವರೇ ಹಿಂದೆ ತಿರುಗಿ ನೋಡಿಕೊಂಡರು.

ಕಣ್ಣನ್ನು ಕೊನೆಗೆ ಬರೆಯುವುದು ನಮ್ಮ ಪದ್ಧತಿ. ಆಯಮ್ಮನಿಗೆ ಕಣ್ಣು ಬರೆದ ಮೇಲೆ ಅಂಗಡಿಯೊಳಗೆ ಬೀಡಿ ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಹೊರಗೆ ಸೇದಿ, ಬಾಯಿ ಮುಕ್ಕಳಿಸಿಕೊಂಡು ಒಳಗೆ ಬಂದೆ.

೨. ಬೀಗದ ಕೈ

ತಿಥಿ ಮುಗಿದ ವಾರಕ್ಕೆ ಆ ಮನೆಯ ಸೊಸೆ ಫೋನ್ ಮಾಡಿದಳು. "ಅಣ್ಣಾ, ಮಾವ ತೋಟ ನೋಡಾಕೆ ಬೇತಮಂಗಲಕ್ಕೋಗವ್ರೆ. ಬಿರ್ನೆ ಬನ್ನಿ."

ಹೋದೆ. ಚಿತ್ರ ಅಡುಗೆಮನೆಗೆ ನೇರ ಎದುರಿಗಿತ್ತು.

"ಆ ಬೀಗದ ಕೈ ಅಳಿಸ್ಬಿಡಣ್ಣಾ. ಸಕ್ಕರೆ ಡಬ್ಬಿ ಮುಟ್ಟಿದ್ರೆ ಗೊಂಚಲು ಝಣ್ ಅಂದಂಗಾಗ್ತೈತೆ."

ಗೊಂಚಲು ಮುಚ್ಚುವಂತೆ ಸೆರಗು ಬರೆದೆ. "ಈಗ ಸರೀನಾ?"

"ಎಲ್ಲಿ ಸರಿ? ಸೆರಗಿನ್ ಕೆಳಗೈತೆ ಅಂತ ನಂಗೊತ್ತಲ್ಲ!"

೩. ಹುಬ್ಬು

ಅಷ್ಟರಲ್ಲಿ ಯಜಮಾನರ ಮಗ ಬಂದ. ಬೈಯುತ್ತಾನೆಂದು ಕುಂಚ ಬೆನ್ನ ಹಿಂದೆ ಅಡಗಿಸಿದೆ. ಅವನು ಮೆಲ್ಲಗೆ ಬಾಗಿಲು ಹಾಕಿದ.

"ಎಂಗೂ ಬಂದಿದೀಯ, ಆ ಹುಬ್ಬುಗಂಟೂ ತೆಗ್ದಾಕು ಗುರು. ಲೇಟಾಗಿ ಬಂದ್ರೆ ಈಗ್ಲೂ ಚಪ್ಪಲಿ ಕೈಯಾಗಿಡ್ಕೊಂಡೇ ಒಳಗ್ ಬತ್ತೀನಿ. ತುಟೀನೂ ಒಸಿ ನಗ್ಸು."

ಹುಬ್ಬು ಸಡಿಲಿಸಿ ತುಟಿ ಅಗಲಿಸಿದೆ. ಮಗ ಚಿತ್ರಕ್ಕೆ ಕೈಮುಗಿದ. "ಅಮ್ಮಾ, ನಂದೇನಿಲ್ಲ. ಎಲ್ಲಾ ಈ ಪೇಂಟರ್‌ದೇ."

೪. ನಗು

ಮಾರನೆಯ ದಿನ ಯಜಮಾನರ ಫೋನ್ ಬಂತು. "ಈಗ್ಲೇ ಬಾ." ಬಂಗಾರಪೇಟೆಯಲ್ಲಿ ನನಗೆ ಕೆಲಸ ಸಿಗುತ್ತಿದ್ದದ್ದೇ ಅವರ ಮಾತಿನ ಮೇಲೆ. ಅವರು ಬಾಯಿಬಿಟ್ಟು ಬೈದರೆ ಅಂಗಡಿ ಮುಚ್ಚಿದ ಹಾಗೆಯೇ. ಬಣ್ಣದ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದೆ.

ಯಜಮಾನರು ಬೆವರುತ್ತಾ ಜಗಲಿಯಲ್ಲೇ ಕೂತಿದ್ದರು. ಚಿತ್ರ ನೋಡಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಿಯೇ ಇರಲಿಲ್ಲ.

"ಏನಪ್ಪಾ ಮಾಡ್ದೆ? ಅವ್ಳು ನಗ್ತಾವ್ಳೆ!"

"ಕಳೆಯಾಗಿ ಕಾಣ್ಲಿ ಅಂತ, ಸಾರ್..."

"ಮದ್ವೆಯಾದಾಗಿಂದ ಅವ್ಳು ನನ್ನ ನೋಡಿ ನಕ್ಕಿದ್ದು ಒಂದೇ ಸಲ. ನನ್ನ ಇಸ್ಪೀಟೆಲೆ ಎಲ್ಲಾ ನೀರೊಲೆಗಾಕಿ ಬಂದು ನಕ್ಕಿದ್ಳು!" ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ದನಿ ತಗ್ಗಿಸಿದರು. "ಬೇತಮಂಗಲದಾಗೆ ನಾನು ನೋಡಿದ್ದು ತೋಟ ಅಲ್ಲ, ಇಸ್ಪೀಟೆಲೆ ಅಂತ ಅವ್ಳಿಗೆ ಗೊತ್ತಾಗೋಗೈತೆ. ಬಿರ್ನೆ ಹುಬ್ಬು ಗಂಟಾಕಪ್ಪಾ. ಅದಾದ್ರೆ ನಂಗೆ ಅಭ್ಯಾಸ ಐತೆ!"