ಹುಂಜ ಕುಕ್ಕಿದ ಚಿರತೆ

ನಮ್ಮ ಚಿರತೆಯ ಮೂಗಿನ ತುದಿಯಲ್ಲಿ ಹೆಸರುಕಾಳಿನಷ್ಟು ಗಾತ್ರದ ಗಾಯದ ಕಲೆಯೊಂದಿತ್ತು. ನಮ್ಮ ಮನೆಯ ಹುಂಜ ಕುಕ್ಕಿದ್ದು. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾವ ಚಿರತೆಯ ಹೆಸರೆತ್ತಿ ತಾಯಂದಿರು ಮಕ್ಕಳ ಅಳು ನಿಲ್ಲಿಸುತ್ತಿದ್ದರೋ, ಆ ಚಿರತೆಯ ಮಾತು ಇದು. ಪ್ರಸಿದ್ಧರೊಂದಿಗೆ ಒಂದೇ ಸೂರಿನಡಿ ಬದುಕುವವರ ನಾಚಿಕೆ ಹೊರಗಿನವರಿಗೆ ತಿಳಿಯುವುದಿಲ್ಲ.

ಕಬ್ಬು ಕಡಿಯುವಾಗ, ಇನ್ನೂ ಕಣ್ಣು ಬಿಡದ ಮರಿಯಾಗಿ ಸಿಕ್ಕಿದ್ದನ್ನು ಅಪ್ಪ ಟವಲಿನಲ್ಲಿ ಸುತ್ತಿ ತಂದಿದ್ದರು. ಅವ್ವ ಎಮ್ಮೆಯ ಹಾಲು ಕುಡಿಸಿ ಸಾಕಿದಳು. ಬೆಳೆದ ಮೇಲೂ ಅದು ಹಾಲಿನಲ್ಲಿ ಕಲಸಿದ ಮುದ್ದೆ ತಿಂದು ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕದಲ್ಲೇ ಮಲಗುತ್ತಿತ್ತು. ಅಪ್ಪ ಮಾತ್ರ ಸಂತೆಯಲ್ಲಿ ಕೂತು, ಅದು ಹೋರಿಯ ಕತ್ತು ಮುರಿದ ಕತೆ ಹೇಳುತ್ತಿದ್ದರು. ಸಂತೆಯಿಂದ ಸಂತೆಗೆ ಹೋರಿ ಕೊಬ್ಬುತ್ತಿತ್ತು. ನಮ್ಮೂರು ಕೊಪ್ಪದ ಸುತ್ತ ಯಾರ ಕಬ್ಬು ಕಳುವಾದರೂ ನಮ್ಮ ಗದ್ದೆಗೆ ಒಬ್ಬರೂ ಇಳಿಯುತ್ತಿರಲಿಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ನನಗೂ ಊರಿನಲ್ಲಿ ‘ಚಿರ್ತೆ ಗೌಡ್ರ ಮಗಳು’ ಎಂಬ ಹೆಸರೇ ಉಳಿಯಿತು. ನಾನು ಸೆರಗು ಸರಿಮಾಡಿಕೊಂಡು ಬೇರೆಲ್ಲೋ ನೋಡುತ್ತಿದ್ದೆ.

ಒಮ್ಮೆ ಪಕ್ಕದ ಹಳ್ಳಿಯಲ್ಲಿ ಮೇಕೆಯೊಂದು ಕಾಣೆಯಾಯಿತು. ಅಮಲ್ದಾರರು ಕೋವಿ ಹಿಡಿದು ನಮ್ಮ ಅಂಗಳಕ್ಕೇ ಬಂದರು. ಹಿಂದೆ ಅರ್ಧ ಊರು.

“ಗೌಡರೇ, ಇಂಥ ಕ್ರೂರ ಮೃಗವನ್ನು ಊರೊಳಗೆ ಬಿಡುವ ಹಾಗಿಲ್ಲ,” ಎಂದರು.

ಅಪ್ಪ ಮೀಸೆಯ ಮೇಲೆ ಕೈಯಿಟ್ಟರು, ತೆಗೆದರು. ಅವ್ವ ಅಳತೊಡಗಿದಳು. ಅಮಲ್ದಾರರು ನನ್ನ ಕಡೆ ತಿರುಗಿದರು.

“ನೀವು ಓದಿದವರು. ನಿಜ ಹೇಳಿ.”

“ಸ್ವಾಮಿ, ಅದು ಈವರೆಗೆ ಏನನ್ನೂ ಕೊಂದಿಲ್ಲ. ಹುಂಜ ಕಂಡರೆ ಹೆದರುತ್ತದೆ,” ಎಂದೆ.

ಅಷ್ಟರಲ್ಲಿ ಹುಂಜವೇ ರೆಕ್ಕೆ ಬಡಿಯುತ್ತ ಬಂತು. ಚಿರತೆ ಅವ್ವನ ಸೀರೆಯ ಹಿಂದೆ ಅವಿತುಕೊಂಡಿತು. ಅಮಲ್ದಾರರು ನಕ್ಕು ನಕ್ಕು ಕೋವಿಯನ್ನು ಜವಾನನ ಕೈಗೆ ಕೊಟ್ಟರು. ಊರು ಅದಕ್ಕಿಂತ ಹೆಚ್ಚು ನಕ್ಕಿತು.

“ಆ ಓರಿ ಕತ್ತು ಮುರ್ದಿದ್ದು ಈ ಉಂಜಾನಾ, ಗೌಡ್ರೇ?” ಎಂದು ಯಾರೋ ಕೂಗಿದರು.

ಸಂಜೆ ಅಪ್ಪ ಊಟಕ್ಕೆ ಏಳಲಿಲ್ಲ.

“ಅದ್ರ ಪ್ರಾಣ ಉಳೀತಲ್ಲ, ಬುಡಿ,” ಎಂದಳು ಅವ್ವ.

“ಅದ್ರದು ಉಳೀತು ಕಣಮ್ಮಿ. ನಾನು ಯಾವ ಮೊಕ ಒತ್ಕಂಡು ಸಂತೆಗೋಗ್ಲಿ?” ಎಂದವರು ನನ್ನತ್ತ ನೋಡಿದರು. “ನಿನ್ನ ಬಿ.ಎ. ಓದ್ಸಿದ್ದು ಇದ್ಕೇನವ್ವಾ?”

ಮರುದಿನ ಬೆಳಿಗ್ಗೆ ನಾನು ಹುಂಜವನ್ನು ಹಿಡಿದು ಒಳಕೋಣೆಯಲ್ಲಿ ಮಂಕರಿಯ ಕೆಳಗೆ ಮುಚ್ಚಿದೆ. ಉದುರಿದ ಎರಡು ಗರಿಗಳನ್ನು ಚಿರತೆ ಮಲಗುವ ಕಡೆ ಹಾಕಿ, ಕೊಡ ತೆಗೆದುಕೊಂಡು ಬಾವಿಗೆ ಹೋದೆ. ಹೆಂಗಸರು ಆಗಲೇ ನಗುತ್ತಿದ್ದರು.

“ಏನವ್ವಾ, ನಿಮ್ಮ ಉಂಜ ಚೆಂದಾಗೈತಾ?” ಎಂದು ಒಬ್ಬಾಕೆ ಕೇಳಿದಳು.

“ಬೆಳಿಗ್ಗೆಯಿಂದ ಕಾಣ್ತಿಲ್ಲ. ಕೊಟ್ಟಿಗೇಲಿ ಗರಿ ಬಿದ್ದಿವೆ,” ಎಂದೆ.

ನಗು ನಿಂತಿತು. ಆಕೆ ಮಾತ್ರ, “ದಿಟವಾ?” ಎಂದು ನನ್ನ ಮುಖವನ್ನೇ ನೋಡಿದಳು.

ಪಕ್ಕದಲ್ಲಿದ್ದ ಮುದುಕಿ ಅವಳನ್ನು ಗದರಿದಳು. “ಸುಮ್ಕಿರಮ್ಮಿ! ಓದಿರೋ ಎಣ್ಣು ಸುಳ್ಳೇಳ್ತದಾ?”

ನಾನು ತಲೆ ತಗ್ಗಿಸಿ, ಕೊಡ ತುಂಬಿದ ಮೇಲೂ ನೀರು ಸೇದುತ್ತಲೇ ಇದ್ದೆ.