ಸೀರೆಗೆ ಕಾದವನಿಗೆ ಬಂದ ಅಂಗಿ

ಹೆಂಡತಿ ತವರಿಗೆ ಹೊರಟು ನಿಂತಾಗ ಗಂಡನಾದವನು ಬಾಯಿಗೆ ಬಂದದ್ದನ್ನು ಹೇಳಬಾರದು. ಕೌಲ್ ಬಜಾರಿನ ಗವಿಸಿದ್ದೇಶ ಹೇಳಿಬಿಟ್ಟ. "ಅವಸರ ಏನಿಲ್ಲ, ಆರಾಮ ಇದ್ದು ಬಾ" ಎಂದ. ಒಳ್ಳೆಯ ಮನಸ್ಸಿನಿಂದಲೇ ಎಂದ. ಆದರೆ ತಾನಿಲ್ಲದಿದ್ದರೂ ಇವರಿಗೆ ನಡೆಯುತ್ತದೆ ಎಂದು ದಾಕ್ಷಾಯಣಿಗೆ ಚುಚ್ಚಿತು. ಸಿರುಗುಪ್ಪದ ಬಸ್ಸು ಹತ್ತಿದವಳು ತವರಲ್ಲೇ ಕೂತುಬಿಟ್ಟಳು. ಫೋನು ಮಾಡಿದರೆ ಅತ್ತೆ ಎತ್ತಿ, "ಆಕಿ ಮಲಗ್ಯಾಳ" ಎನ್ನುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲೂ ಮಲಗಿರುತ್ತಿದ್ದಳು.

ಇತ್ತ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಇಬ್ಬರಿಗೂ ಚಹಾ ಕಾಸಿ, ಎರಡನ್ನೂ ತಾನೇ ಕುಡಿದು, ಮಧ್ಯಾಹ್ನದವರೆಗೆ ಎದೆಯುರಿ ಎನ್ನುತ್ತಿದ್ದ. ಅವಳ ಬೈಗುಳವಾದರೂ ಕಿವಿಗೆ ಬಿದ್ದರೆ ಸಾಕೆನಿಸುತ್ತಿತ್ತು. ಕರೆಯಲು ಬರಿಗೈಯಲ್ಲಿ ಹೋಗುವುದು ಹೇಗೆ? ಅವಳು ಫೋನಿನಲ್ಲಿ ಮತ್ತೆ ಮತ್ತೆ ನೋಡಿ ನಿಟ್ಟುಸಿರು ಬಿಡುತ್ತಿದ್ದ ನವಿಲುಗೊರಳಿನ ಬಣ್ಣದ ಸೀರೆಯೊಂದು ನೆನಪಾಯಿತು. ದಾಕ್ಷಾಯಣಿ ಬಟ್ಟೆ ತರಿಸುತ್ತಿದ್ದ ಕುರುಗೋಡಿನ ಅಂಜನಾ ಎಂಬಾಕೆ ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಬಟ್ಟೆ ಮಾರುತ್ತಿದ್ದಳು. ಹೆಂಡತಿಗೆ ಹೇಳದೆ ಅಂಜನಾಳಿಂದ ಅದೇ ಸೀರೆಯನ್ನು ತರಿಸಲು ಹಣ ಹಾಕಿದ.

ಪಾರ್ಸಲ್ ಬಂದಾಗ ಅವನು ಬಚ್ಚಲಲ್ಲಿದ್ದ. ಸೀರೆಯ ಸುದ್ದಿ ತಿಳಿದಿದ್ದ ಪಕ್ಕದ ಮನೆಯ ಜಡೆಮ್ಮ ಇಸಿದುಕೊಂಡಳು. ಅವನು ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಕವರು ಹರಿದು, ದೇವರ ಮುಂದಿಟ್ಟು, ಕಣ್ಣು ಮುಚ್ಚಿ ಹೊಸ ಬಟ್ಟೆಯ ಅಂಚಿಗೆ ಅರಿಶಿಣವನ್ನೂ ಹಚ್ಚಿಯಾಗಿತ್ತು.

"ದಾಕ್ಷಾಯಣಿ ಬರೋ ಕಾಲ ಬಂತು ನೋಡಪಾ" ಎಂದು ಕಣ್ಣು ತೆರೆದವಳು, "ಅಯ್ಯ, ಇದಕ್ಕ ತೋಳು ಅದಾವಲ್ಲೋ!" ಎಂದಳು.

ಅದು ಸೀರೆಯಲ್ಲ. ತಿಳಿಗುಲಾಬಿ ಬಣ್ಣದ ಗಂಡಸರ ಅಂಗಿ.

ಜಡೆಮ್ಮ ಗಾಬರಿಬಿದ್ದು ಕಲೆಗೆ ಸೋಪು ಹಚ್ಚಿ ತಿಕ್ಕಿದಳು. ಸೋಪು ತಗುಲಿದ ಅರಿಶಿಣ ಸುಮ್ಮನಿರುತ್ತದೆಯೆ? ಕೆಂಪಗಾಗಿ, ಯಾರೋ ಎಲೆ-ಅಡಿಕೆ ಉಗುಳಿದಂತೆ ಕಂಡಿತು.

ಗದ್ದಲ ಕೇಳಿ ಎದುರುಮನೆಯ ಮೈಲಾರಲಿಂಗಪ್ಪ ಬಂದ. ಹಿಂದೊಮ್ಮೆ ಕುಕ್ಕರಿನ ಅಂಗಡಿಯವನ ಜೊತೆ ಜಗಳವಾಡಿ ಗೆದ್ದಂದಿನಿಂದ ಓಣಿಯ ತಕರಾರುಗಳೆಲ್ಲ ತನ್ನವೇ ಎಂದು ತಿಳಿದವನು. ಗವಿಸಿದ್ದೇಶನ ಫೋನಿನಿಂದ ಅಂಜನಾಗೆ ಕರೆ ಮಾಡಿ ಸ್ಪೀಕರ್ ಹಾಕಿದ.

"ಏನಮ್ಮಾ, ಸೀರಿ ಕೇಳಿದ್ರ ಅಂಗಿ ಕಳಸ್ತೀರೇನು? ಅದೂ ಕಲೆ ಆಗಿದ್ದು!"

"ಅದು ತಪ್ಪಿ ಬಂದಿಲ್ರಿ ಅಣ್ಣಾರ. ಸೀರಿ ಪಾರ್ಸಲ್ ಬ್ಯಾರೆ ಐತಿ, ಈ ಅಂಗಿ..."

"ಬ್ಯಾರೆ ಗೀರೆ ಬ್ಯಾಡ! ಇಂಥಾ ಅಂಗಿ ಮದುವಿ ಬ್ಯಾಂಡಿನವರೂ ಹಾಕ್ಕಳಂಗಿಲ್ಲ!"

"ಗವಿಸಿದ್ದೇಶಣ್ಣಾರಿಗೆ ಫೋನ್ ಕೊಡ್ರಿ, ಒಂದು ಮಾತು ಹೇಳಬೇಕು."

ಗವಿಸಿದ್ದೇಶನಿಗೆ ಕೇಳುವ ಮನಸ್ಸಿತ್ತು. ಆದರೆ ಬಾಗಿಲಲ್ಲಿ ಓಣಿಯ ಜನ ಸೇರಿದ್ದರು. "ಮೆತ್ತಗಾಗಬ್ಯಾಡಲೇ" ಎಂದು ಮೈಲಾರಲಿಂಗಪ್ಪ ಚಿವುಟಿದ. ಪಾಪದ ಮನುಷ್ಯ, ಜೀವಮಾನದಲ್ಲಿ ಮೊದಲ ಸಲ ದನಿಯೇರಿಸಿದ.

"ಈ ಅಂಗಿ ಹಾಕ್ಕಂಡ್ರ ನನ್ನ ಮರ್ಯಾದಿ ಹೋಗ್ತೈತ್ರಿ! ಅಂಗಿನೂ ಬ್ಯಾಡ, ಸೀರಿನೂ ಬ್ಯಾಡ. ಕ್ಯಾನ್ಸಲ್ ಮಾಡಿ ದುಡ್ಡು ಹಾಕ್ರಿ!"

ಅತ್ತ ಅಂಜನಾ "ಆತು ಬಿಡ್ರಿ" ಎಂದಳು.

ಮೈಲಾರಲಿಂಗಪ್ಪ ಅಂಗಿಯನ್ನು ಪೇಪರಿನಲ್ಲಿ ಸುತ್ತಿ ಕುರುಗೋಡಿನ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು ಬಂದ. ಮಧ್ಯಾಹ್ನ ಸೀರೆಯ ಹಣ ವಾಪಸ್ಸಾಯಿತು. ಓಣಿಯವರೆಲ್ಲ ಗವಿಸಿದ್ದೇಶನ ಖರ್ಚಿನಲ್ಲಿ ಮಂಡಕ್ಕಿ ಒಗ್ಗಾಣಿ, ಮಿರ್ಚಿ ತಿಂದು ಅವನ ಬೆನ್ನು ತಟ್ಟಿದರು. ಅವನು ಮಾತ್ರ ತನ್ನ ತಟ್ಟೆಯನ್ನು ಜಡೆಮ್ಮನ ಕಡೆ ಸರಿಸಿದ. ಗೆದ್ದದ್ದೇನೋ ಆಯಿತು, ಈಗ ಸಿರುಗುಪ್ಪಕ್ಕೆ ಏನು ಹಿಡಿದು ಹೋಗುವುದು?

ಸಂಜೆ ಫೋನು ಬಂತು. ದಾಕ್ಷಾಯಣಿಯೇ! ಆ ದನಿಗಾಗಿ ಅವನು ಅಷ್ಟು ಹಂಬಲಿಸಿದ್ದ.

"ಅಂಗಿ ಬ್ಯಾಡಂದ್ರಂತ?"

"ಯಾವ ಅಂಗಿ?" ಎಂದ.

"ನಾ ಕಳಿಸಿದ್ದು. ನನ್ನ ನೋಡಾಕ ಬಂದ ದಿನ ಅದೇ ಬಣ್ಣದ್ದು ಹಾಕ್ಕಂಡು ಬಂದಿದ್ರಿ. ನೋಡಿದ ಕೂಡ್ಲೆ ಗೊತ್ತಾಗ್ತೈತಿ, ಹಾಕ್ಕಂಡು ಕರಿಯಾಕ ಬರ್ತಾರ ಅಂತ ಬ್ಯಾಗ್ ತುಂಬಿಟ್ಕಂಡು ಕುಂತಿದ್ದೆ. ನೀವು ನೋಡಿದ್ರ ಎಲಿ ಉಗುಳಿ ವಾಪಸ್ ಕಳಿಸೀರಿ. ಅಂಜನಾ ಫೋಟೊ ಹಾಕ್ಯಾಳ."

"ಅದು ಎಲಿ ಅಲ್ಲ, ಅರಿಶಿಣ! ಜಡೆಮ್ಮತ್ತಿ... ದಾಕ್ಷಾಯಣಿ, ಈಗ್ಲೇ ಬಸ್ ಹತ್ತತೀನಿ. ನೀ ಇಲ್ದ ನನಗ ಮನಿಯಾಗ ಇರಾಕ ಆಗವಲ್ದು."

"ಬರಬ್ಯಾಡ್ರಿ. ಅಂಗಿ ಬದ್ಲಿ ನನಗೇ ಒಂದು ಸೀರಿ ತಗಂಡೀನಿ. ಯಾರೋ ಕ್ಯಾನ್ಸಲ್ ಮಾಡಿದ್ದಂತ, ಯಾರಂತ ಅಂಜನಾ ಹೇಳ್ಲಿಲ್ಲ, ನನ್ನ ಪುಣ್ಯ. ನವಿಲುಗೊರಳಿನ ಬಣ್ಣದ್ದು."

"ಅದು ನಾನೇ ನಿನಗಂತ ಆರಿಸಿದ್ದು! ನಿನ್ನಾಣಿಗೂ!"

ಗವಿಸಿದ್ದೇಶ ಆಗಲೇ ಚಪ್ಪಲಿ ಹುಡುಕತೊಡಗಿದ.

"ನಾ ದುಡ್ಡು ಕೊಟ್ಟು ತಗಂಡ ಮ್ಯಾಲೆ ಎಲ್ಲಾರೂ ನಾನೇ ಆರಿಸಿದ್ದು ಅನ್ನವರೇ" ಎಂದು ದಾಕ್ಷಾಯಣಿ ಫೋನಿಟ್ಟಳು.