ಕೆಂಪು ಛತ್ರಿಯ ಹಿಂದೆ ಬಿದ್ದ ಫಿರಂಗಿ

ಅತ್ತೆಯವರು ಕೂತದ್ದು ಕುರ್ಚಿಯ ಮೇಲೆಯೇ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಕುರ್ಚಿಯ ಮೇಲೆ ಅಳಿಯನ ಅಂಗಿ ಬಿದ್ದಿತ್ತು, ಅಂಗಿಯ ಕಿಸೆಯಲ್ಲಿ ಕನ್ನಡಕವಿತ್ತು, ಅತ್ತೆಯವರು ತೂಕದಲ್ಲಿ ಯಾರಿಗೂ ಕಡಿಮೆಯವರಲ್ಲ. ಕಟಕ್ ಎಂಬ ಸದ್ದು ಕೇಳಿ, ಹಲ್ಲುಜ್ಜುತ್ತಿದ್ದ ಅಳಿಯ ಹಾಗೇ ನಿಂತುಬಿಟ್ಟ.

"ಏನೋ ಮುರಿದಂಗಾಯ್ತಲ್ಲ?" ಎಂದರು ಅತ್ತೆ, ಕೂತಲ್ಲಿಂದ ಏಳದೆ.

"ನನ್ನ ಕೆಲಸ," ಎಂದ ಅಳಿಯ.

ಬಂದರಿನಲ್ಲಿ ಎಲ್ಲರೂ ಅವನನ್ನು ಗುರಿಕಾರ ಎಂದೇ ಕರೆಯುತ್ತಿದ್ದರು. ದಕ್ಕೆಗೆ ಕಟ್ಟಿದ್ದ ಯುದ್ಧದ ಹಡಗಿನಲ್ಲಿ ಒಂದು ಭಾರೀ ಫಿರಂಗಿ ಇತ್ತು. ಎದುರಿನ ಅಟ್ಟದ ಮೇಲೆ ಕೂತು ಅದನ್ನು ಗುರಿಯತ್ತ ತಿರುಗಿಸುವ ಪೀಠ ಅವನದು. ಆ ಪೀಠಕ್ಕೆ ಇದ್ದದ್ದು ಒಂದೇ ಷರತ್ತು, ಕಣ್ಣು ಚೆನ್ನಾಗಿರಬೇಕು. ಕನ್ನಡಕ ಏರಿಸಿದವರನ್ನು ಮಾರನೆಯ ದಿನವೇ ಬಣ್ಣದ ಉಗ್ರಾಣಕ್ಕೆ ಕಳಿಸುತ್ತಿದ್ದರು. ಅಲ್ಲಿಗೆ ಹೋದವರು ಬೂದು ಬಣ್ಣದ ಡಬ್ಬಿಗಳ ನಡುವೆ ಕೂತು ಕೂತು ತಾವೂ ಬೂದಾಗಿ ನಿವೃತ್ತರಾಗುತ್ತಿದ್ದರು.

ಗುರಿಕಾರನ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು. ಪೀಠದ ಮುಂದಿದ್ದ ದೊಡ್ಡ ದುರ್ಬೀನು ಇಲ್ಲಿಯ ತನಕ ಅವನ ಮಾನ ಕಾಪಾಡಿತ್ತು. ಅದರ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಸಾಕು, ದೂರದ ಸಮುದ್ರ ಸ್ಪಷ್ಟವಾಗಿ ಬಂದು ಮೂಗಿನ ಮುಂದೆ ನಿಲ್ಲುತ್ತಿತ್ತು. ಹೋದ ವಾರ ಆ ದುರ್ಬೀನು ರಿಪೇರಿಗೆ ಹೋಯಿತು. ಅದರ ಜಾಗಕ್ಕೆ ಒಂದು ಬರಿಯ ಕಬ್ಬಿಣದ ಬಳೆ ಬಂತು. ಬಳೆಯ ನಡುವೆ ಗುರಿ ಕಾಣುವಂತೆ ಪೀಠ ತಿರುಗಿಸಬೇಕು, ಅಷ್ಟೇ. ಅದಕ್ಕೇ ಅವನು ಕದ್ದುಮುಚ್ಚಿ ಕನ್ನಡಕ ಮಾಡಿಸಿದ್ದ. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡರೆ ಹಿಂದೆ ನಿಂತವರಿಗೆ ತಿಳಿಯುವುದಿಲ್ಲ ಎಂಬುದು ಅವನ ಲೆಕ್ಕ. ಇವತ್ತೇ ಫಿರಂಗಿಯ ಪರೀಕ್ಷೆ.

"ಇವತ್ತೊಂದಿನ ಅಂದಾಜಲ್ಲಿ ನೋಡಿಬಿಡಿ," ಎಂದಳು ಹೆಂಡತಿ.

"ಅಂದಾಜಲ್ಲಿ ಹಾಕೋಕೆ ಅದೇನು ಅಡುಗೆ ಉಪ್ಪೇನೇ? ಫಿರಂಗಿ ಕಣೇ ಅದು!"

"ಅಳಿಯಂದ್ರೇ, ನೀವು ಹೊರಡಿ," ಎಂದರು ಅತ್ತೆ. "ಕೂತವಳು ನಾನು, ಸರಿ ಮಾಡಿಸೋಳೂ ನಾನೇ. ಯಾರಿಗೂ ಗೊತ್ತಾಗದ ಹಾಗೆ ತಂದು ಕೊಡ್ತೀನಿ."

ಅತ್ತೆಯವರು ಯಾರಿಗೂ ಗೊತ್ತಾಗದ ಹಾಗೆ ಮಾಡಿದ ಕೆಲಸ ಈವರೆಗೆ ಒಂದೂ ಇರಲಿಲ್ಲ. ಅವನು ಕೈಮುಗಿದು, "ಬೇಡಿ ಅತ್ತೆ, ನಿಮ್ಮ ದಮ್ಮಯ್ಯ," ಎಂದು ಓಡಿದ.

ಆ ಫಿರಂಗಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನಳಿಗೆಯ ಬಾಯೊಳಗೆ ಒಬ್ಬ ಮನುಷ್ಯ ಮೊಣಕಾಲು ಮಡಿಸಿ ಮಲಗಬಹುದಿತ್ತು. ಅದನ್ನು ಹೊತ್ತ ಉಕ್ಕಿನ ಗೂಡು ಒಂದು ಮನೆಯಷ್ಟು ದೊಡ್ಡದು. ಅದರ ಬುಡ ಹಡಗಿನ ಹೊಟ್ಟೆಯೊಳಗೆ ಅಂತಸ್ತು ಅಂತಸ್ತಾಗಿ ಇಳಿದಿತ್ತು. ಇಷ್ಟನ್ನೂ ತಿರುಗಿಸುತ್ತಿದ್ದದ್ದು ಎಣ್ಣೆ. ಗುರಿಕಾರ ಪೀಠದ ಹಿಡಿಯನ್ನು ಮಣಿಕಟ್ಟಿನಲ್ಲಿ ಒಂಚೂರು ಹೊರಳಿಸಿದರೆ ಕೆಳಗೆಲ್ಲೋ ಒಂದು ವಾಲ್ವು ತೆರೆಯುತ್ತಿತ್ತು. ತೊಡೆ ಗಾತ್ರದ ಕೊಳವೆಗಳಲ್ಲಿ ಎಣ್ಣೆ ಒತ್ತಿಕೊಂಡು ಹೋಗುತ್ತಿತ್ತು. ಆಮೇಲೆ ಆ ಬೆಟ್ಟ ಸದ್ದಿಲ್ಲದೆ, ನಿದ್ದೆಯಲ್ಲಿರುವ ಮಗು ಮಗ್ಗುಲು ಬದಲಾಯಿಸಿದಷ್ಟು ಮೆತ್ತಗೆ ತಿರುಗುತ್ತಿತ್ತು. ಪೀಠ ಎತ್ತ ನೋಡಿದರೆ ಫಿರಂಗಿಯೂ ಅತ್ತ.

ಎಷ್ಟು ಸಲ ನೋಡಿದರೂ ಗುರಿಕಾರನಿಗೆ ಅದು ಹಳತಾಗಿರಲಿಲ್ಲ. ಮನೆಯಲ್ಲಿ ಅವನ ಮಾತಿಗೆ ಬೆಕ್ಕೂ ಎದ್ದು ಜಾಗ ಬಿಡುತ್ತಿರಲಿಲ್ಲ. ಇಲ್ಲಿ ಮಾತೂ ಬೇಡ, ಕೈಬೆರಳು ಸಾಕು. ಪ್ರತಿ ಸಲ ಆ ನಳಿಗೆ ಕದಲಿದಾಗಲೂ ಅವನ ಮೈ ಜುಮ್ಮೆನ್ನುತ್ತಿತ್ತು. ಪೀಠ ಕೈತಪ್ಪಿದರೆ ತಾನು ಯಾರೂ ಅಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷಕರು ಬಂದರು. ಎತ್ತರದ ಆಳು, ನಗದ ಮುಖ. ಏನನ್ನೇ ನೋಡಲಿ, ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ ನೋಡುತ್ತಿದ್ದರು. ಅವರ ಅನುಮಾನದ ಬುದ್ಧಿಗೆ ಇಡೀ ಬಂದರು ಹೆದರುತ್ತಿತ್ತು.

"ಸಾರ್, ಇದು ಕಾವಲು ಪಟ್ಟಿ," ಎಂದು ಮೇಸ್ತ್ರಿ ಗೂಡಿನ ಬುಡ ತೋರಿಸಿದ. ಅಲ್ಲಿ ಸುತ್ತಲೂ ಒಂದು ಉಕ್ಕಿನ ಪಟ್ಟಿ ಇತ್ತು, ಅದರ ಮೇಲೆ ಒಂದು ಪುಟ್ಟ ಗಾಲಿ. "ಫಿರಂಗಿ ತಿರುಗ್ತಾ ತಿರುಗ್ತಾ ನಮ್ಮ ಹಡಗಿನ ಕಡೆಗೇ ಬಂತು ಅಂತಿಟ್ಕೊಳಿ. ಪಟ್ಟಿ ಅಲ್ಲಿ ಉಬ್ಬಿದೆ. ಗಾಲಿ ಉಬ್ಬು ಹತ್ತುತ್ತೆ, ಎಣ್ಣೆ ಬಂದ್ ಆಗುತ್ತೆ. ನಳಿಗೆ ತಾನಾಗೇ ಮೂತಿ ಮೇಲೆತ್ತಿ ನಿಲ್ಲುತ್ತೆ. ಪೀಠದಲ್ಲಿ ಕೂತೋನು ಬುದ್ಧಿಗೆಟ್ಟು ಏನು ಮಾಡಿದ್ರೂ ಅಷ್ಟೇ, ನಮ್ಮೋರಿಗೆ ಗುರಿ ಇಡಲ್ಲ."

"ಓಡಿಸಿ ನೋಡಿದೀರಾ?"

"ಮೆಲ್ಲಗೆ ನೋಡಿದೀವಿ ಸಾರ್. ಜೋರಾಗಿ ಅಂದ್ರೆ... ಧೈರ್ಯ ಬಂದಿಲ್ಲ."

"ಹ್ಞೂಂ," ಎಂದರು ಪರೀಕ್ಷಕರು. ಅವರು ಅಟ್ಟ ಹತ್ತಿ ಗುರಿಕಾರನ ಬೆನ್ನ ಹಿಂದೆ ಬಂದು ನಿಂತರು. ಪಕ್ಕದಲ್ಲಿ ಟೆಲಿಫೋನು ಹಿಡಿದು ಕೂತವನಿಗೆ ಡಂಗುರ ಎಂದು ಅಡ್ಡಹೆಸರು. ಹೆಸರಿಟ್ಟವರು ಯೋಚಿಸಿಯೇ ಇಟ್ಟಿದ್ದರು. ಮೇಸ್ತ್ರಿ ಉಕ್ಕಿನ ಗೂಡಿನೊಳಗೆ ಇಳಿದು ಒತ್ತಡದ ಮುಳ್ಳು ನೋಡುತ್ತಾ ಕೂತ. ಫಿರಂಗಿಯೊಳಗೆ ಗುಂಡಿರಲಿಲ್ಲ, ಆ ಮಟ್ಟಿಗೆ ದೇವರು ದೊಡ್ಡವನು.

ಸಮುದ್ರದಲ್ಲಿ ಒಂದು ದೋಣಿ ಕೆಂಪು ಪೀಪಾಯಿಯನ್ನು ಎಳೆದುಕೊಂಡು ಹೊರಟಿತು. ಅದೇ ಗುರಿ. ಗುರಿಕಾರ ಬಳೆಯಲ್ಲಿ ಕಣ್ಣಿಟ್ಟ. ನೀರು, ಆಕಾಶ, ಅಲೆ ತಡೆಯುವ ಕಲ್ಲುಕಟ್ಟೆ ಎಲ್ಲ ಕಲಸಿದ ಹಿಟ್ಟಿನಂತಿತ್ತು. ಅದರ ನಡುವೆ ಒಂದು ಕೆಂಪು ಚುಕ್ಕೆ ಕಂಡಿತು. ಹಿಡಿ ಹೊರಳಿಸಿದ, ಫಿರಂಗಿ ಹಿಂಬಾಲಿಸಿತು. ಅಷ್ಟರಲ್ಲಿ ದೋಣಿ ಹೋಗಿ ಒಂದು ಹೂಳೆತ್ತುವ ಹಡಗಿನ ಮರೆಗೆ ಸೇರಿತು. ಗುರಿಕಾರ ಬಳೆಯಲ್ಲಿ ಎಡಕ್ಕೆ ಬಲಕ್ಕೆ ತಡಕಾಡಿದ. ಅಗೋ! ಕೆಂಪು ಚುಕ್ಕೆ ಮತ್ತೆ ಸಿಕ್ಕಿತು. ಗಟ್ಟಿಯಾಗಿ ಹಿಡಿದುಕೊಂಡ.

ಚುಕ್ಕೆ ನಿಧಾನವಾಗಿ ಬರುತ್ತಿತ್ತು. ಒಂದು ಕಡೆ ನಿಂತಿತು. ಫಿರಂಗಿಯೂ ನಿಂತಿತು. ಚುಕ್ಕೆ ಏನೋ ನೆನಪಾದಂತೆ ಹಿಂದಕ್ಕೆ ಹೋಯಿತು. ಫಿರಂಗಿಯೂ ಹಿಂದಕ್ಕೆ ಹೋಯಿತು. ಚುಕ್ಕೆ ಬಗ್ಗಿತು, ಎದ್ದಿತು, ಮತ್ತೆ ಮುಂದೆ ಬಂತು. ಆ ಮಹಾ ನಳಿಗೆ ಅದರ ಒಂದೊಂದು ಹೆಜ್ಜೆಯನ್ನೂ ಬಿಡದೆ ಅನುಸರಿಸಿತು.

"ಆಹಾ," ಎಂದರು ಪರೀಕ್ಷಕರು. ಅವರ ಬಾಯಿಂದ ಆ ಮಾತು ಬಂದದ್ದನ್ನು ಬಂದರಿನಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ.

ಡಂಗುರ ಗುರಿಕಾರನ ಕಿವಿಯ ಹತ್ತಿರ ಬಗ್ಗಿದ. "ಗುರಿಕಾರಣ್ಣ," ಎಂದು ಪಿಸುಗುಟ್ಟಿದ, "ಪೀಪಾಯಿಗೆ ಕಾಲು ಯಾವಾಗ ಬಂತು?"

"ಏನು?"

"ಅದು ಕಲ್ಲುಕಟ್ಟೆ ಮೇಲೆ ನಡೀತಾ ಇದೆ. ಕೈಯಲ್ಲಿ ಚೀಲ ಬೇರೆ ಇದೆ. ಈಗ ಕಾವಲಿನೋನ ಹತ್ರ ಜಗಳ ಆಡ್ತಾ ಇದೆ."

ಜಗಳ ಎಂದ ಕೂಡಲೇ ಗುರಿಕಾರನಿಗೆ ಯಾರೆಂದು ತಿಳಿಯಿತು. ಅತ್ತೆಯವರ ಆ ಕೆಂಪು ಛತ್ರಿಯನ್ನು ಹೋದ ಬೇಸಿಗೆಯಲ್ಲಿ ಅವನೇ ಕೊಡಿಸಿದ್ದ.

ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ ಅವನದಾಯಿತು. ಛತ್ರಿ ಬಿಟ್ಟರೆ ಪೀಪಾಯಿ ಹುಡುಕಬೇಕು. ಪೀಪಾಯಿ ಹುಡುಕಲು ಕಣ್ಣು ಬೇಕು, ಕಣ್ಣು ಅತ್ತೆಯ ಚೀಲದಲ್ಲಿತ್ತು. ಬೆನ್ನ ಹಿಂದೆ ಪರೀಕ್ಷಕರು "ಆಹಾ, ಆಹಾ" ಎನ್ನುತ್ತಲೇ ಇದ್ದರು. "ನೀನು ಸುಮ್ನಿರು ಮಾರಾಯ," ಎಂದು ಡಂಗುರನಿಗೆ ಹೇಳಿ, ಅತ್ತೆಯನ್ನೇ ಗುರಿಯಿಟ್ಟು ಮುಂದುವರಿದ.

ಅತ್ತೆಯವರಿಗೆ ಈಗ ಅನುಮಾನ ಬಂದಿತ್ತು. ಎಡಕ್ಕೆ ಸರಿದರು, ಫಿರಂಗಿ ಎಡಕ್ಕೆ ಬಂತು. ಬಲಕ್ಕೆ ಸರಿದರು, ಅದೂ ಬಲಕ್ಕೆ. ಬೇರೆ ಯಾರಾದರೂ ಆಗಿದ್ದರೆ ಸಮುದ್ರಕ್ಕೆ ಹಾರುತ್ತಿದ್ದರು. ಅತ್ತೆ ನಿಂತರು, ನಳಿಗೆಯ ಬಾಯಿಯನ್ನು ನೇರವಾಗಿ ನೋಡಿದರು, ಛತ್ರಿಯನ್ನು ಅದರತ್ತ ಝಾಡಿಸಿ, "ಏನೋ, ಹಿರಿಯರು ಕಿರಿಯರು ಗೊತ್ತಾಗಲ್ವಾ ನಿಂಗೆ?" ಎಂದು ಗದರಿ, ಬಿರಬಿರನೆ ಹಡಗಿನತ್ತ ನಡೆದರು.

ಬಿರಬಿರನೆ ಎಂದರೆ ಬಿರಬಿರನೆಯೇ. ಹತ್ತುವ ಹಲಗೆ ದಾಟಿದರು, ಹಡಗಿನ ಮೇಲೆ ಬಂದರು. ಪೀಠವಿದ್ದ ಅಟ್ಟದ ಏಣಿಯ ಕಡೆ ಹೊರಟರು. ಹಿಂದೆಯೇ ಫಿರಂಗಿ ಬಂತು, ಪೂರ್ತಿ ವೇಗದಲ್ಲಿ. ಟೆಲಿಫೋನಿನಲ್ಲಿ ಮೇಸ್ತ್ರಿ ಚೀರುತ್ತಿದ್ದ: "ಏ, ಎತ್ಲಾಗೆ ತಿರುಗಿಸ್ತಿದೀಯಾ! ಅದು ನಮ್ಮ ಹಡಗೋ!" ಡಂಗುರ ಮೇಜಿನ ಕೆಳಗೆ ಸೇರಿಕೊಂಡ. ಅಲುಗಾಡದೆ ನಿಂತವರು ಪರೀಕ್ಷಕರೊಬ್ಬರೇ.

ಹಿಡಿ ಬಿಟ್ಟರೆ ಎಲ್ಲ ನಿಲ್ಲುತ್ತಿತ್ತು. ಗುರಿಕಾರನಿಗೆ ಬಿಡಲಾಗಲಿಲ್ಲ. ಭಯದಿಂದ ಕೈ ಮರಗಟ್ಟಿತ್ತು ಎಂದರೆ ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಅವನಿಗೆ ನೋಡಬೇಕಾಗಿತ್ತು. ಆ ಕಪ್ಪು ಬಾಯಿ ಆಕಾಶವನ್ನು ಸವರಿಕೊಂಡು, ದೊಡ್ಡದಾಗುತ್ತಾ, ಅವನ ಕಡೆಗೇ ಬರುತ್ತಿತ್ತು. ಇಷ್ಟು ಹತ್ತಿರ ಬಂದ ಮೇಲೆ ಅದನ್ನು ನೋಡಲು ಕನ್ನಡಕ ಬೇಕಾಗಿರಲಿಲ್ಲ.

ಗಾಲಿ ಉಬ್ಬು ಹತ್ತಿತು. ಕೆಳಗೆ ಎಣ್ಣೆ ಒಮ್ಮೆ ದೀರ್ಘವಾಗಿ ಉಸಿರುಬಿಟ್ಟಿತು. ಅಷ್ಟು ವೇಗದ ಅಷ್ಟು ಕಬ್ಬಿಣ, ಒಂದು ಲೋಟದ ನೀರೂ ತುಳುಕದ ಹಾಗೆ ನಿಂತಿತು. ನಳಿಗೆ ನಿಧಾನಕ್ಕೆ ಮೂತಿ ಎತ್ತಿತು. ಎಲ್ಲರ ತಲೆಯ ಮೇಲಿಂದ ಆಕಾಶ ನೋಡುತ್ತಾ ಸುಮ್ಮನಾಯಿತು.

ಗುರಿಕಾರನ ಕಣ್ಣಲ್ಲಿ ನೀರು ಬಂತು. ಯಾರೋ ಒಬ್ಬ, ಎಲ್ಲೋ ಕೂತು, ಮುಂದೊಂದು ದಿನ ಬುದ್ಧಿಗೆಟ್ಟವನೊಬ್ಬ ಈ ಪೀಠದಲ್ಲಿ ಕೂರುತ್ತಾನೆ ಎಂದು ಯೋಚಿಸಿ, ಈ ಹಡಗಿನ ಆಕಾರವನ್ನೇ ಆ ಪಟ್ಟಿಯಲ್ಲಿ ಕೊರೆದಿದ್ದ. ಆ ಮಹಾನುಭಾವನ ಕಾಲು ಹಿಡಿಯಬೇಕು ಎನಿಸಿತು. ಏಣಿಯ ಬುಡದಲ್ಲಿ ಅತ್ತೆಯವರು ಛತ್ರಿ ತಗ್ಗಿಸಿ, ಕತ್ತೆತ್ತಿ, ಆ ನಳಿಗೆಯನ್ನು ಬಹಳ ಹೊತ್ತು ನೋಡಿದರು. "ಪಾಪ, ಮನೆಯೋರು ಅಂತ ಗೊತ್ತಾಯ್ತು ನೋಡು ಅದಕ್ಕೆ," ಎಂದರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ಅಳಿಯ ಅವತ್ತೇ ಮೊದಲು ಕೇಳಿದ್ದು.

ಪರೀಕ್ಷಕರು ಗುರಿಕಾರನ ಎರಡೂ ಕೈ ಹಿಡಿದುಕೊಂಡರು. "ಏನ್ರೀ ಪರೀಕ್ಷೆ ಇದು! ನಿಲ್ಲೋ ಗುರಿ, ಹಿಂದೆ ಹೋಗೋ ಗುರಿ, ಕೊನೆಗೆ ನಮ್ಮ ಹಡಗಿನ ಮೇಲೇ ಏರಿ ಬರೋ ಗುರಿ! ಇಂಥಾ ಧೈರ್ಯ ನಾನು ಎಲ್ಲೂ ನೋಡಿಲ್ಲ. ಈ ಪೀಠದಿಂದ ನಿಮ್ಮನ್ನ ಯಾರೂ ಕದಲಿಸಬಾರದು ಅಂತ ಈಗಲೇ ಬರೆದು ಕೊಡ್ತೀನಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಗುರಿಕಾರ ಆ ಸಾವಿರ ವರ್ಷದ ಮೊದಲ ಉಸಿರು ಎಳೆದುಕೊಂಡ. ಆಗ ಅತ್ತೆಯವರು ಅಟ್ಟ ಹತ್ತಿ ಬಂದರು.

ಪರೀಕ್ಷಕರು ಕಣ್ಣು ಕಿರಿದು ಮಾಡಿ ಕತ್ತು ಚಾಚಿದರು. "ಬನ್ನಿ ಕ್ಯಾಪ್ಟನ್, ಬನ್ನಿ! ನಿಮ್ಮ ಹಡಗು ಪಾಸು!"

"ನಾನು ಕ್ಯಾಪ್ಟನ್ ಅಲ್ಲಪ್ಪ, ಇವರ ಅತ್ತೆ," ಎಂದರು ಅತ್ತೆ. ಅವರು ಪರೀಕ್ಷಕರ ಮುಖವನ್ನು ಹತ್ತಿರದಿಂದ ನೋಡಿದರು. ಆ ಕಿರಿದಾದ ಕಣ್ಣು, ಆ ಚಾಚಿದ ಕತ್ತು ಅವರಿಗೆ ಹೊಸದಲ್ಲ, ಮನೆಯಲ್ಲಿ ದಿನಾ ನೋಡುತ್ತಿದ್ದದ್ದೇ. ಚೀಲಕ್ಕೆ ಕೈ ಹಾಕಿದರು. ಗುರಿಕಾರ ಪರೀಕ್ಷಕರ ಬೆನ್ನ ಹಿಂದಿನಿಂದ ಬೇಡ ಬೇಡ ಎಂದು ತಲೆಯಾಡಿಸಿದ. ಅತ್ತೆ ಅರ್ಥವಾಯಿತು ಎಂಬಂತೆ ಅವನಿಗೆ ಕಣ್ಣು ಮಿಟುಕಿಸಿದರು. ಅಳಿಯನ ಗುಟ್ಟು ಉಳಿಸುವ ಉಪಾಯ ಅವರಿಗೆ ಹೊಳೆದಿತ್ತು.

"ಇದು ನಿಮಗೇ ಇರ್ಬೇಕು ನೋಡಿ," ಎಂದು ಸರಿ ಮಾಡಿಸಿ ತಂದಿದ್ದ ಕನ್ನಡಕ ತೆಗೆದು ಪರೀಕ್ಷಕರ ಕೈಗಿಟ್ಟರು. "ದಾರೀಲಿ ಬಿದ್ದಿತ್ತು."

"ನನ್ನದಲ್ಲ. ನನಗೆ ಇದೆಲ್ಲ ಬೇಕಾಗಿಲ್ಲಮ್ಮ," ಎಂದರು ಪರೀಕ್ಷಕರು. ಆದರೆ ಕೈ ವಾಪಸು ಕೊಡಲಿಲ್ಲ. ಆ ಕಡೆ ಈ ಕಡೆ ನೋಡಿ, ಸುಮ್ಮನೆ ಒಂದು ಗಳಿಗೆ ಎಂಬಂತೆ ಮೂಗಿನ ಮೇಲೇರಿಸಿದರು.

ಅವರ ಬಾಯಿ ಮೆಲ್ಲಗೆ ತೆರೆಯಿತು. "ಅಯ್ಯೋ," ಎಂದರು. ಹಗ್ಗದಲ್ಲಿ ಎಳೆ ಎಳೆ ಕಾಣುತ್ತಿತ್ತು. ಹಕ್ಕಿಗೆ ರೆಕ್ಕೆ ಇತ್ತು. ಅಲೆಗಳು ಒಂದಕ್ಕೊಂದು ಅಂಟದೆ ಬಿಡಿ ಬಿಡಿಯಾಗಿದ್ದವು. ಹುಟ್ಟಿದ ಮಗುವಿನ ಹಾಗೆ ಅವರು ಸುತ್ತಲೂ ತಿರುಗಿ ತಿರುಗಿ ನೋಡಿದರು. ನೋಡುತ್ತಾ ಸಮುದ್ರದ ಕಡೆ ಬಂದು ನಿಂತರು.

"ಅದೇನ್ರೀ ಅಲ್ಲಿ ಕೆಂಪಗೆ?"

ಹೂಳೆತ್ತುವ ಹಡಗಿನ ಆಚೆ ದೋಣಿಯವನು ಪೀಪಾಯಿಯನ್ನು ಶ್ರದ್ಧೆಯಿಂದ ಎಳೆಯುತ್ತಲೇ ಇದ್ದ. ಗುರಿಕಾರ ಉತ್ತರ ಹುಡುಕುವಷ್ಟರಲ್ಲಿ ಮೇಜಿನ ಕೆಳಗಿನಿಂದ ಡಂಗುರ ತಲೆ ಹೊರಹಾಕಿದ.

"ಗುರಿ, ಸಾರ್."

"ಹಾಗಾದ್ರೆ ನಾವು ಇಷ್ಟು ಹೊತ್ತು ನೋಡಿದ್ದು?"

ಅತ್ತೆಯವರು ಸದ್ದಾಗದಂತೆ ಛತ್ರಿ ಮಡಿಸಿದರು.

ಪರೀಕ್ಷಕರು ಛತ್ರಿ ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ಗುರಿಕಾರನನ್ನು ನೋಡಿದರು. ಬೈಯಲಿಲ್ಲ. ಬೈದರೆ ತಮ್ಮ ಕಣ್ಣಿನ ವಿಷಯವೂ ಹೊರಗೆ ಬರುತ್ತಿತ್ತು. ಕನ್ನಡಕವನ್ನು ಬೆರಳಿನಿಂದ ಮೂಗಿನ ಮೇಲೆ ಭದ್ರವಾಗಿ ಕೂರಿಸಿಕೊಂಡರು. ಅದನ್ನು ತೆಗೆಯುವ ಆಲೋಚನೆ ಅವರಿಗೆ ಇದ್ದ ಹಾಗೆ ಕಾಣಲಿಲ್ಲ.

"ಕೂತ್ಕೊಳಿ. ಮೊದಲಿಂದ ಶುರು ಮಾಡೋಣ," ಎಂದರು. "ಈ ಸಲ ನಾನು ಸರಿಯಾಗಿ ನೋಡ್ತೀನಿ. ನೀವೂ ಸರಿಯಾಗಿ ನೋಡಿ. ತಪ್ಪಿದ್ರೆ ನಾಳೆಯಿಂದ ಬಣ್ಣದ ಉಗ್ರಾಣ."

ಗುರಿಕಾರ ಪೀಠದಲ್ಲಿ ಕೂತು ಹಿಡಿಗೆ ಕೈ ಹಾಕಿದ. ಕಬ್ಬಿಣದ ಬಳೆಯಾಚೆ ಲೋಕವೆಲ್ಲ ಮತ್ತೆ ಕಲಸಿಹೋಗಿತ್ತು. ಮುಂದೆ ಆ ಮಹಾ ಫಿರಂಗಿ, ಬೆರಳು ಅಲುಗಿದರೆ ಸಾಕು, ಎತ್ತ ತಿರುಗಲಿ ಎಂದು ಕೇಳುವಂತೆ ಕಾದು ನಿಂತಿತ್ತು. ಗುರಿಕಾರನಿಗೂ ಗೊತ್ತಾಗಬೇಕಾಗಿದ್ದದ್ದು ಅದೇ.